ಪ್ರತಿಯ ಕೆಳಗೊಂದು ಹೆಸರು

ಹಳೆಯ ಕಾರ್ಟೂನುಗಳ ಚಿತ್ರ ಸಂಗ್ರಹಿಸುವವರಲ್ಲಿ ಒಂದು ಭಿನ್ನರಾಶಿಗೆ ಬಹಳ ಮರ್ಯಾದೆ. ಚೌಕಟ್ಟಿನೊಳಗೆ ಮೂರು ಹಂದಿಮರಿಗಳು ಕುಣಿಯುತ್ತಿರುತ್ತವೆ. ಕೆಳಮೂಲೆಯಲ್ಲಿ, ಉದಾಹರಣೆಗೆ, 137/500 ಎಂದು ಬರೆದಿರುತ್ತದೆ. ಒಟ್ಟು ಐನೂರು ಪ್ರತಿ, ಅದರಲ್ಲಿ ಇದು ನೂರ ಮೂವತ್ತೇಳನೆಯದು, ಐನೂರ ಒಂದನೆಯದು ಎಂದೂ ತಯಾರಾಗುವುದಿಲ್ಲ ಎಂಬ ಮಾತು ಅದು. ಜೊತೆಗೆ ಕಂಪನಿಯ ಮುದ್ರೆ, ಒಂದು ಪ್ರಮಾಣಪತ್ರ. ಇದನ್ನೇ ಲಿಮಿಟೆಡ್ ಎಡಿಶನ್ ಎನ್ನುವುದು. ಕೈಯಲ್ಲಿ ಬಣ್ಣ ಹಚ್ಚಿದ್ದಾದರೆ ಬೆಲೆ ನೂರಾರು ಡಾಲರು, ಕೆಲವೊಮ್ಮೆ ಸಾವಿರ ದಾಟುತ್ತದೆ. ಇಲ್ಲಿಗೆ ತರಿಸಿಕೊಂಡರೆ ಸಾಗಣೆ ಬೇರೆ, ಸುಂಕ ಬೇರೆ.

ಕೊಳ್ಳಬೇಡಿ ಎಂದು ಹೇಳುವುದಕ್ಕೆ ನಾನು ಕೂತಿಲ್ಲ. ಈ ಚಿತ್ರಗಳ ಮೇಲೆ ನನಗೂ ಆಸೆಯಿದೆ. ನನ್ನ ತಕರಾರಿರುವುದು ಆ ಭಿನ್ನರಾಶಿಯ ಜೊತೆ. ಎಷ್ಟು ಪ್ರತಿ ಎಂದು ಅದು ಹೇಳುತ್ತದೆ. ಯಾರು ಮಾಡಿದ ಪ್ರತಿ ಎಂದು ಅದಾಗಲಿ, ಜೊತೆಯ ಪ್ರಮಾಣಪತ್ರವಾಗಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಕೊಳ್ಳುವ ನಾವು ಕೇಳುವುದೂ ಇಲ್ಲ. ಕೇಳಬೇಕು ಎನ್ನುವುದು ನನ್ನ ವಾದ. ಕೇಳಿದರೆ ನಮ್ಮ ದುಡ್ಡಿಗೂ ಒಳ್ಳೆಯದು, ಆ ಕಲೆಗೂ ನ್ಯಾಯ.

ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು ವಾಲ್ಟ್ ಡಿಸ್ನಿ ಸ್ಟುಡಿಯೊದ ‘ಸಿಲ್ಲಿ ಸಿಂಫನಿ’ ಸರಣಿಯನ್ನು. 1929ರಿಂದ 1939ರವರೆಗೆ ಹತ್ತು ವರ್ಷಗಳಲ್ಲಿ 75 ಕಿರುಚಿತ್ರಗಳು. ಅದೇ ಸ್ಟುಡಿಯೊದ ಮಿಕ್ಕಿ ಮೌಸ್ ಚಿತ್ರಗಳಲ್ಲಿ ತಮಾಷೆ ಮುಂದೆ, ಸಂಗೀತ ಅದರ ಹಿಂದೆ. ಸ್ಟುಡಿಯೊದ ಸಂಗೀತ ನಿರ್ದೇಶಕ ಕಾರ್ಲ್ ಸ್ಟಾಲಿಂಗ್‌ಗೆ ಅಷ್ಟು ಸಾಕಾಗಲಿಲ್ಲ. ಸಂಗೀತ ಮುಂದೆ ನಡೆಯಲಿ, ಚಿತ್ರ ಅದರ ಹೆಜ್ಜೆಗೆ ಹೆಜ್ಜೆ ಹಾಕಲಿ, ಅಂಥದ್ದೊಂದು ಬೇರೆ ಸರಣಿಯೇ ಇರಲಿ ಎಂದು ಆತ ಸೂಚಿಸಿದ. ಹಾಗೆ ಹುಟ್ಟಿದ ಮೊದಲ ಚಿತ್ರ ‘ದಿ ಸ್ಕೆಲಿಟನ್ ಡಾನ್ಸ್’. ಮಧ್ಯರಾತ್ರಿ ಸ್ಮಶಾನದಲ್ಲಿ ನಾಲ್ಕು ಅಸ್ಥಿಪಂಜರಗಳು ಎದ್ದು ಕುಣಿಯುತ್ತವೆ, ಒಂದು ಇನ್ನೊಂದರ ಬೆನ್ನೆಲುಬನ್ನೇ ವಾದ್ಯ ಮಾಡಿಕೊಂಡು ಬಾರಿಸುತ್ತದೆ, ಕೋಳಿ ಕೂಗಿದ ಕೂಡಲೇ ಎಲ್ಲವೂ ಗೋರಿಯೊಳಗೆ ಮಾಯ. ಅದರ ಬಹುಪಾಲು ಚಿತ್ರಗಳನ್ನು ಬಿಡಿಸಿದವನು ಅಬ್ ಐವರ್ಕ್ಸ್.

ಈ ಸರಣಿಗೆ ಕಾಯಂ ನಾಯಕನಿಲ್ಲದ್ದರಿಂದ ಪ್ರಯೋಗಕ್ಕೆ ಜಾಗವಿತ್ತು. 1932ರ ‘ಫ್ಲವರ್ಸ್ ಆ್ಯಂಡ್ ಟ್ರೀಸ್’ ಮೂರು ಬಣ್ಣಗಳ ಟೆಕ್ನಿಕಲರ್‌ನಲ್ಲಿ ತಯಾರಾಗಿ ಬಿಡುಗಡೆಯಾದ ಮೊದಲ ಕಾರ್ಟೂನು. ಕಪ್ಪುಬಿಳುಪಿನಲ್ಲಿ ಅರ್ಧ ಆಗಿದ್ದ ಕೆಲಸವನ್ನು ಬಿಸಾಕಿ ಬಣ್ಣದಲ್ಲಿ ಮತ್ತೆ ಮಾಡಿದರು. ಕಾರ್ಟೂನು ಕಿರುಚಿತ್ರಕ್ಕೆ ಕೊಟ್ಟ ಮೊಟ್ಟಮೊದಲ ಆಸ್ಕರ್ ಅದಕ್ಕೇ ಬಂತು. 1933ರ ‘ತ್ರೀ ಲಿಟಲ್ ಪಿಗ್ಸ್’ ಚಿತ್ರಕ್ಕೆ ಫ್ರಾಂಕ್ ಚರ್ಚಿಲ್ ಕಟ್ಟಿದ ಹಾಡು ಮಹಾಕುಸಿತದ ದಿನಗಳಲ್ಲಿ ಅಮೆರಿಕದ ಬೀದಿಬೀದಿಯಲ್ಲಿ ಕೇಳಿಬಂತು. ಮನೆಬಾಗಿಲಿಗೆ ಬಂದು ನಿಂತ ತೋಳ ಯಾವುದು ಎಂದು ಅಲ್ಲಿನ ಜನಕ್ಕೆ ಬಿಡಿಸಿ ಹೇಳಬೇಕಿರಲಿಲ್ಲ. 1934ರ ‘ದಿ ವೈಸ್ ಲಿಟಲ್ ಹೆನ್’ನಲ್ಲಿ ಡೊನಾಲ್ಡ್ ಡಕ್ ಮೊದಲ ಬಾರಿ ಪರದೆಗೆ ಬಂದ. 1937ರ ‘ದಿ ಓಲ್ಡ್ ಮಿಲ್’ನಲ್ಲಿ, ಚಿತ್ರದ ಪದರಗಳ ನಡುವೆ ಅಂತರ ಬಿಟ್ಟು ಆಳ ತೋರಿಸುವ ಮಲ್ಟಿಪ್ಲೇನ್ ಕ್ಯಾಮೆರಾ ಬಳಕೆಗೆ ಬಂತು. ಸರಣಿಗೆ ಒಟ್ಟು ಏಳು ಆಸ್ಕರ್. ವಾರ್ನರ್ ಸ್ಟುಡಿಯೊದವರು ತಮ್ಮ ಕಾರ್ಟೂನುಗಳಿಗೆ ‘ಲೂನಿ ಟ್ಯೂನ್ಸ್’, ‘ಮೆರಿ ಮೆಲೊಡೀಸ್’ ಎಂದು ಹೆಸರಿಟ್ಟಾಗ ಯಾವ ಹೆಸರಿನ ಧಾಟಿ ಕಿವಿಯಲ್ಲಿತ್ತೆಂದು ಊಹಿಸುವುದು ಕಷ್ಟವಲ್ಲ.

ಈಗ, ಕೊಳ್ಳುವ ವಸ್ತು ಏನು ಎಂಬ ಪ್ರಶ್ನೆ. ಆ ಕಾಲದ ಕಾರ್ಟೂನು ತಯಾರಾಗುತ್ತಿದ್ದ ಕ್ರಮ ಹೀಗೆ. ಚಿತ್ರಕಾರ ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದೊಂದು ಚಲನೆಯನ್ನೂ ಬಿಡಿಸುತ್ತಾನೆ. ಇನ್ನೊಬ್ಬರು ಆ ರೇಖೆಗಳನ್ನು ಸೆಲ್ಯುಲಾಯ್ಡ್ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದುತ್ತಾರೆ. ಮತ್ತೊಬ್ಬರು ಹಾಳೆಯನ್ನು ಮಗುಚಿ ಹಿಂಬದಿಯಿಂದ ಬಣ್ಣ ತುಂಬುತ್ತಾರೆ. ಈ ಪಾರದರ್ಶಕ ಹಾಳೆಯೇ ಸೆಲ್. ಅದನ್ನು ಬಣ್ಣದ ಹಿನ್ನೆಲೆಯ ಮೇಲಿಟ್ಟು ಒಂದು ಫ್ರೇಮು ತೆಗೆಯುತ್ತಾರೆ, ಎತ್ತುತ್ತಾರೆ, ಮುಂದಿನದನ್ನು ಇಡುತ್ತಾರೆ. ಸೆಕೆಂಡಿಗೆ 24 ಫ್ರೇಮು. ಏಳು ನಿಮಿಷದ ಚಿತ್ರಕ್ಕೆ 10,080. ಒಂದೇ ಸೆಲ್ಲನ್ನು ಎರಡು ಫ್ರೇಮುಗಳಿಗೆ ಬಳಸಿಕೊಂಡರೂ, ಪಾತ್ರಗಳು ಎರಡು ಮೂರು ಪದರಗಳಲ್ಲಿದ್ದರೆ ಲೆಕ್ಕ ಮತ್ತೆ ಏರುತ್ತದೆ.

ಸಂಗೀತದ ಕಾರ್ಟೂನಿಗೆ ಇನ್ನೊಂದು ವಿಶೇಷವಿದೆ. ಚಿತ್ರ ಬಿಡಿಸುವುದಕ್ಕೆ ಮುಂಚೆಯೇ ತಾಳದ ಲೆಕ್ಕ ಆಗಿರುತ್ತದೆ. ಯಾವ ಪೆಟ್ಟಿಗೆ ಕಾಲು ನೆಲ ಮುಟ್ಟಬೇಕು, ಎಷ್ಟು ಫ್ರೇಮಿಗೆ ತಲೆ ತಿರುಗಬೇಕು ಎಂದು ಸ್ವರಗಳ ಸಾಲಿನ ಜೊತೆಗೇ ಬರೆದಿಟ್ಟ ಹಾಳೆಗಳಿರುತ್ತಿದ್ದವು. ಗೋಡೆಗೆ ತೂಗುಹಾಕಿದ ಸೆಲ್‌ನಲ್ಲಿ ಆ ತಾಳ ಇರುವುದಿಲ್ಲ. ಎತ್ತಿದ ಕಾಲು ಎತ್ತಿಯೇ ಇರುತ್ತದೆ. ಭಾಷಾವಿಜ್ಞಾನ ಓದಿದವರ ಕಣ್ಣಿಗೆ ಇದು ಒಂದು ವಾಕ್ಯದಿಂದ ಕಿತ್ತು ತಂದ ಒಂದೇ ಒಂದು ಧ್ವನಿಯ ಹಾಗೆ. ಆ ಧ್ವನಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಆದರೆ ಬಾಯಿ ಅದನ್ನು ಹೇಗೆ ಆಡಿತು ಎಂಬುದರ ಗುರುತು ಅದರಲ್ಲಿ ಉಳಿದಿರುತ್ತದೆ. ಸೆಲ್‌ಗೆ ಬೆಲೆ ಬರುವುದೂ ಹಾಗೆಯೇ, ಅದು ಒಂದು ಕೈಯ ಗುರುತು ಎಂಬ ಕಾರಣಕ್ಕೆ. ಈ ಮಾತನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಿ.

ಸಿಂಫನಿಗಳ ಮೂಲ ಸೆಲ್‌ಗಳು ಇಂದು ಬಹಳ ಕಡಿಮೆ ಸಿಗುತ್ತವೆ. ಕಾರಣ ಸರಳ. ಹಾಳೆ ದುಬಾರಿ, ಚಿತ್ರೀಕರಣ ಮುಗಿದ ಮೇಲೆ ತೊಳೆದು ಮತ್ತೆ ಬಳಸುತ್ತಿದ್ದರು, ಉಳಿದದ್ದನ್ನು ಎಸೆಯುತ್ತಿದ್ದರು. ಹಾಳೆಯ ವಸ್ತು ನೈಟ್ರೇಟ್, ಬೇಗ ಬೆಂಕಿ ಹಿಡಿಯುವಂಥದ್ದು, ವರ್ಷಗಳು ಕಳೆದಂತೆ ಹಳದಿಯಾಗಿ ಸುಕ್ಕುಗಟ್ಟುವಂಥದ್ದು. ಸ್ಟುಡಿಯೊದವರ ಪಾಲಿಗೆ ಅದು ಅಡುಗೆಮನೆಯ ಬಾಳೆಎಲೆ, ಊಟವಾದ ಮೇಲೆ ಎತ್ತಿ ಹಾಕಬೇಕಾದದ್ದು. ಇದು ಮಾರುವ ವಸ್ತು ಎಂದು ಕಂಡವನು ಸ್ಯಾನ್ ಫ್ರಾನ್ಸಿಸ್ಕೊದ ಗ್ಯಾಲರಿಯವನಾದ ಗತ್ರಿ ಕೂರ್ವಾಸಿಯೆ. 1938ರಲ್ಲಿ ಸ್ಟುಡಿಯೊದ ಜೊತೆ ಒಪ್ಪಂದ ಮಾಡಿಕೊಂಡು ‘ಸ್ನೋವೈಟ್’ ಚಿತ್ರದ ಸೆಲ್‌ಗಳನ್ನು ಚೌಕಟ್ಟು ಹಾಕಿ ಮಾರಿದ. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅಂಥದ್ದೊಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲೆ ಅಲ್ಲಿನ ಅಂಗಡಿಯೊಂದರಲ್ಲಿ ಸೆಲ್‌ಗಳು ಕೆಲವೇ ಡಾಲರಿಗೆ ಪ್ರವಾಸಿಗರ ಕೈಸೇರುತ್ತಿದ್ದವು. 1980ರ ದಶಕದಲ್ಲಿ ದೊಡ್ಡ ಹರಾಜು ಮನೆಗಳು ಕೈಹಾಕಿದವು. 1989ರಲ್ಲಿ ‘ಆರ್ಫನ್ಸ್ ಬೆನಿಫಿಟ್’ ಎಂಬ 1934ರ ಕಪ್ಪುಬಿಳುಪು ಮಿಕ್ಕಿ ಚಿತ್ರದ ಒಂದು ಸೆಲ್ 2,86,000 ಡಾಲರಿಗೆ ಹೋಯಿತು.

ಅದೇ ಹೊತ್ತಿಗೆ ಸೆಲ್ ಎಂಬ ವಸ್ತುವಿನ ಕಾಲವೂ ಮುಗಿಯಿತು. 1989ರ ‘ದಿ ಲಿಟಲ್ ಮರ್ಮೇಡ್’ ಕೈಯಲ್ಲಿ ಬಣ್ಣ ಹಚ್ಚಿದ ಸೆಲ್‌ಗಳಿಂದ ಮಾಡಿದ ಡಿಸ್ನಿಯ ಕೊನೆಯ ಪೂರ್ಣಾವಧಿ ಚಿತ್ರ. ಮರುವರ್ಷದಿಂದ ಬಣ್ಣದ ಕೆಲಸ ಕಂಪ್ಯೂಟರಿನಲ್ಲಿ. ಕೊಳ್ಳುವವರು ಹೆಚ್ಚಿದ್ದಾರೆ, ಹಳೆಯ ಸರಕು ಸಿಗುವುದಿಲ್ಲ, ಹೊಸದು ಹುಟ್ಟುವುದಿಲ್ಲ. ಈ ಖಾಲಿ ಜಾಗವನ್ನು ತುಂಬಿದ್ದು ಲಿಮಿಟೆಡ್ ಎಡಿಶನ್.

ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಹಳೆಯ ಚಿತ್ರದ ದೃಶ್ಯವನ್ನು ಹೊಸ ಹಾಳೆಯ ಮೇಲೆ ಮೂಡಿಸಿ ಹಿಂಬದಿಯಿಂದ ಕೈಯಲ್ಲೇ ಬಣ್ಣ ತುಂಬಿದ್ದು, ಸಾಮಾನ್ಯವಾಗಿ ಕೆಲವು ನೂರು ಪ್ರತಿ. ಇನ್ನೊಂದು ಸೆರಿಸೆಲ್, ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ ಕಟ್ಟಿ ಅಚ್ಚು ಹಾಕಿದ್ದು. ಲಗ್ನಪತ್ರಿಕೆ ಅಚ್ಚು ಹಾಕುವ ನಮ್ಮ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರಿಗೆ ಗೊತ್ತಿರುವ ವಿದ್ಯೆಯೇ. ಇದು ಸಾವಿರಗಟ್ಟಲೆ ಇರುತ್ತದೆ, ಬೆಲೆಯೂ ಕಡಿಮೆ. ಎರಡೂ ಬಗೆಯವು ಚಿತ್ರೀಕರಣದಲ್ಲಿ ಬಳಕೆಯಾದವಲ್ಲ, ಕ್ಯಾಮೆರಾದ ಕೆಳಗೆ ಒಮ್ಮೆಯೂ ಕೂತವಲ್ಲ. ಹಿನ್ನೆಲೆ ಮುದ್ರಿತ. ಕೆಲವು ಸಲ ಚಿತ್ರದಲ್ಲಿ ಎಂದೂ ಒಟ್ಟಿಗೆ ಕಾಣಿಸಿಕೊಳ್ಳದ ಪಾತ್ರಗಳನ್ನು ಒಂದೇ ಚೌಕಟ್ಟಿಗೆ ಕೂಡಿಸಿರುತ್ತಾರೆ.

ಇದನ್ನೆಲ್ಲ ಕೇಳಿ ‘ಹಾಗಾದರೆ ಇದು ನಕಲು’ ಎಂದು ತೀರ್ಪು ಕೊಡುವ ಸಂಗ್ರಾಹಕರಿದ್ದಾರೆ. ಅವರ ಜೊತೆ ನಾನಿಲ್ಲ. ಕನ್ನಡದಲ್ಲಿ ನಮಗೆ ಎರಡು ಪದಗಳಿವೆ. ನಕಲು ಎಂದರೆ ಪರೀಕ್ಷೆಯ ಹಾಲಿನ ನೆನಪು ಬರುತ್ತದೆ, ಅದರಲ್ಲಿ ಮೋಸದ ವಾಸನೆಯಿದೆ. ಪ್ರತಿ ಎಂಬ ಪದಕ್ಕೆ ಆ ವಾಸನೆಯಿಲ್ಲ. ಪುಸ್ತಕದ ಸಾವಿರ ಪ್ರತಿಗಳಲ್ಲಿ ಯಾವುದೂ ಸುಳ್ಳಲ್ಲ. ಅಚ್ಚಿನ ಯಂತ್ರ ಬರುವುದಕ್ಕೆ ಮುಂಚೆ ನಮ್ಮ ಕಾವ್ಯಗಳು ಉಳಿದದ್ದೇ ಪ್ರತಿಗಳಿಂದ. ಪಂಪನ ಕೈಬರಹ ನಮ್ಮಲ್ಲಿಲ್ಲ, ಇರುವುದು ಪ್ರತಿ ಮಾಡಿದವರ ಕೈಬರಹ. ಅವರನ್ನು ನಾವು ಕಳ್ಳರೆನ್ನುವುದಿಲ್ಲ. ಲಿಮಿಟೆಡ್ ಎಡಿಶನ್ ಕೂಡ ತಾನು ಪ್ರತಿ ಎಂದು ಒಪ್ಪಿಕೊಂಡಿರುವವರೆಗೆ ಪ್ರಾಮಾಣಿಕ ವಸ್ತುವೇ. ಅನುವಾದಕ್ಕಿರುವ ಸ್ಥಾನವೇ ಅದಕ್ಕೂ ಇರಬೇಕು ಎನ್ನುತ್ತೇನೆ. ಅದು ಮೂಲವಲ್ಲ, ಮೂಲದ ವೇಷವನ್ನೂ ಹಾಕಬೇಕಿಲ್ಲ. ಮೂಲ ನಮ್ಮ ಕೈಗೆ ಸಿಗದಿರುವಾಗ ಬೇರೊಬ್ಬರ ಶ್ರಮದಿಂದ ನಮ್ಮ ಮನೆಗೆ ಬಂದ ರೂಪ.

ಮೂಲ ಎನ್ನುವುದಾದರೂ ಅಷ್ಟು ಶುದ್ಧವೆ? ಕೂರ್ವಾಸಿಯೆ ಮಾರಿದ ಸೆಲ್‌ಗಳಲ್ಲಿ ಎಷ್ಟೋ ಕಡೆ ಪಾತ್ರದ ಅಂಚಿಗೆ ಹಾಳೆಯನ್ನು ಕತ್ತರಿಸಿ, ಚಿತ್ರದಲ್ಲಿಲ್ಲದ ಹೊಸ ಹಿನ್ನೆಲೆಗೆ ಅಂಟಿಸಲಾಗಿತ್ತು. ಅವೂ ಇಂದು ಹರಾಜಿನಲ್ಲಿ ಮೂಲವೆಂದೇ ಹೋಗುತ್ತವೆ. ಮೂಲ ಮತ್ತು ಪ್ರತಿಯ ನಡುವಿನ ಗೆರೆ ನಾವು ಅಂದುಕೊಂಡಷ್ಟು ನೇರವಾಗಿಲ್ಲ.

ಹಾಗಾಗಿ ಪ್ರತಿ ಎಂಬುದು ದೋಷವಲ್ಲ. ಪ್ರತಿಯ ಬೆಲೆಯನ್ನು ಎಣಿಕೆಯ ಮೇಲೆ ನಿಲ್ಲಿಸಿರುವುದು ದೋಷ. ಐನೂರಕ್ಕೆ ನಿಲ್ಲಿಸುವುದು ಕಂಪನಿಯ ನಿರ್ಧಾರ. ವಸ್ತುವಿನ ಸ್ವಭಾವದಲ್ಲಿ ಅಂಥ ಮಿತಿಯೇನೂ ಇಲ್ಲ. ಐನೂರರ ಹೊರಗೆ ‘ಆರ್ಟಿಸ್ಟ್ಸ್ ಪ್ರೂಫ್’ ಎಂಬ ಹೆಸರಿನ ಪ್ರತಿಗಳು ಬೇರೆ ಇರುತ್ತವೆ. ಅದೇ ದೃಶ್ಯ ನಾಳೆ ಇನ್ನೊಂದು ಅಳತೆಯಲ್ಲಿ, ಕಾಗದದ ಮೇಲೆ ಅಥವಾ ಕ್ಯಾನ್ವಾಸಿನ ಮೇಲೆ ಮತ್ತೊಂದು ‘ಸೀಮಿತ’ ಆವೃತ್ತಿಯಾಗಿ ಬಂದರೆ ಕೊಟ್ಟ ಮಾತೇನೂ ಮುರಿದಂತಲ್ಲ. 137 ಬದಲು 3 ಎಂಬ ಸಂಖ್ಯೆ ಸಿಕ್ಕರೆ ಹೆಚ್ಚು ಕೊಡುವವರೂ ಇದ್ದಾರೆ. ಮೂರನೆಯ ಹಾಳೆಗೂ ನೂರ ಮೂವತ್ತೇಳನೆಯದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿರುವುದಿಲ್ಲ.

ಇದಕ್ಕೆ ಎದುರಾಗಿ ನಮ್ಮದೇ ಒಂದು ಉದಾಹರಣೆ ಇಡುತ್ತೇನೆ. ಪುಣೆ-ಲೋಣಾವಳಾ ಲೋಕಲ್ ರೈಲಿನಲ್ಲಿ ಹೋಗುವವರು ಮಳವಲಿ ಎಂಬ ಸ್ಟೇಷನ್ ನೋಡಿರುತ್ತೀರಿ (ಮಂಡ್ಯದ ಮಳವಳ್ಳಿಯಲ್ಲ). 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ ಮುಂದೆ ಈ ಊರಿಗೆ ಬಂತು. ಅಲ್ಲಿ ಅಚ್ಚಾದ ಲಕ್ಷ್ಮಿ ಸರಸ್ವತಿಯರಿಗೆ ಯಾರೂ ಸಂಖ್ಯೆ ಹಾಕಲಿಲ್ಲ. ಎಷ್ಟು ಬೇಕೋ ಅಷ್ಟು ತೆಗೆದರು, ಊರೂರಿಗೆ ಕಳಿಸಿದರು. ನಮ್ಮ ಅಜ್ಜಿಯಂದಿರ ದೇವರಮನೆಗಳಲ್ಲಿ ಅವು ಕುಂಕುಮ ಮೆತ್ತಿಕೊಂಡು, ಊದುಬತ್ತಿಯ ಹೊಗೆ ಕುಡಿದು, ಗೆದ್ದಲು ತಿಂದು ಹೋದವು. ಹಾಗೆ ಹೋಗಿ ಉಳಿದ ಕೆಲವು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುವ ವಸ್ತುಗಳು. ಅವು ವಿರಳವಾದದ್ದು ಬಳಕೆಯಿಂದ. ಸಿಂಫನಿಗಳ ಹಳೆಯ ಸೆಲ್‌ಗಳು ವಿರಳವಾದದ್ದೂ ಹಾಗೆಯೇ, ತೊಳೆದದ್ದರಿಂದ, ಎಸೆದದ್ದರಿಂದ. ಲಿಮಿಟೆಡ್ ಎಡಿಶನ್‌ಗಳನ್ನು ಮೊದಲ ದಿನದಿಂದಲೇ ಎಲ್ಲರೂ ಜೋಪಾನ ಮಾಡುತ್ತಾರೆ. ಐನೂರಕ್ಕೆ ಐನೂರೂ ಉಳಿದರೆ ಅವು ಎಂದಿಗೂ ಐನೂರೇ. 1980ರ ದಶಕದ ಕೊನೆಯ ಹರಾಜುಗಳ ಬೆಲೆ ನೋಡಿ, ಇವೂ ಹಾಗೆಯೇ ಏರುತ್ತವೆ ಎಂದು ಹೂಡಿಕೆಯ ಲೆಕ್ಕದಲ್ಲಿ ಕೊಂಡವರಿಗೆ ಇದು ತಿಳಿದದ್ದು ಮಾರಲು ಹೊರಟಾಗ. ಕೊಂಡ ಬೆಲೆಯೂ ಹುಟ್ಟದ ಎಡಿಶನ್‌ಗಳು ಮರುಮಾರಾಟದಲ್ಲಿ ಬೇಕಾದಷ್ಟಿವೆ.

ಸಂಖ್ಯೆಯನ್ನು ಬದಿಗಿಟ್ಟರೆ ಉಳಿಯುವುದು ಕೈ. ನಮ್ಮ ಓಲೆಗರಿಗಳ ಕೊನೆಯಲ್ಲಿ ಪ್ರತಿ ಮಾಡಿದವನು ತನ್ನ ಹೆಸರು, ಊರು, ಸಂವತ್ಸರ ತಿಥಿ ಬರೆದು, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಬಿನ್ನವಿಸಿಕೊಳ್ಳುವ ಪದ್ಧತಿಯಿತ್ತು. ಬೆನ್ನು ಕತ್ತು ನೋಯಿಸಿಕೊಂಡು ಬರೆದಿದ್ದೇನೆ, ಜೋಪಾನ ಮಾಡಿ ಎಂದು ಅಲವತ್ತುಕೊಂಡವರೂ ಇದ್ದಾರೆ. ಕಾವ್ಯ ತನ್ನದೆಂದು ಆತ ಎಲ್ಲೂ ಹೇಳುವುದಿಲ್ಲ. ಈ ಪ್ರತಿ ತನ್ನದೆಂದು ಹೇಳುತ್ತಾನೆ. ಎಷ್ಟು ಪ್ರತಿ ಮಾಡಿದೆ ಎಂಬ ಎಣಿಕೆ ಅವನಿಗೆ ಮುಖ್ಯವಾಗಿರಲಿಲ್ಲ.

ಸಿಂಫನಿಗಳಲ್ಲಿ ಆ ಕೈ ಯಾರದು? ಪೆನ್ಸಿಲಿನ ಕೈಗಳಲ್ಲಿ ಕೆಲವು ಹೆಸರುಗಳು ನಮಗೆ ಗೊತ್ತಿವೆ. ‘ತ್ರೀ ಲಿಟಲ್ ಪಿಗ್ಸ್’ನ ಹಂದಿಮರಿಗಳನ್ನು ಫ್ರೆಡ್ ಮೂರ್, ತೋಳವನ್ನು ನಾರ್ಮ್ ಫರ್ಗುಸನ್ ಮುಖ್ಯವಾಗಿ ಬಿಡಿಸಿದರು, ನಿರ್ದೇಶಕ ಬರ್ಟ್ ಜಿಲೆಟ್. ಮೂರೂ ಹಂದಿಗಳ ಮುಖ ಹೆಚ್ಚುಕಡಿಮೆ ಒಂದೇ, ನಡೆನುಡಿಯಲ್ಲಿ ಮಾತ್ರ ಒಂದೊಂದೂ ಬೇರೆ. ಇಂದಿಗೂ ಆ ಚಿತ್ರವನ್ನು ಆ್ಯನಿಮೇಷನ್ ಶಾಲೆಗಳಲ್ಲಿ ತೋರಿಸುವುದು ಅದಕ್ಕೆ. ಆದರೆ ಈ ಹೆಸರುಗಳೂ ಚಿತ್ರದ ಪರದೆಯ ಮೇಲೆ ಬಂದವಲ್ಲ. ‘ಸ್ಕೆಲಿಟನ್ ಡಾನ್ಸ್’ನಲ್ಲಿ ಐವರ್ಕ್ಸ್ ಹೆಸರಿತ್ತು. ಆತ 1930ರಲ್ಲಿ ಸ್ಟುಡಿಯೊ ಬಿಟ್ಟ ಮೇಲಿನ ಸಿಂಫನಿಗಳಲ್ಲಿ ನಿರ್ದೇಶಕನ ಹೆಸರನ್ನೂ ಹಾಕುತ್ತಿರಲಿಲ್ಲ, ವಾಲ್ಟ್ ಡಿಸ್ನಿ ಎಂಬ ಒಂದೇ ಹೆಸರು. 1941ರಲ್ಲಿ ಸ್ಟುಡಿಯೊದ ಕಲಾವಿದರು ಮುಷ್ಕರ ಹೂಡಿದಾಗ ಅವರ ಅಸಮಾಧಾನಗಳಲ್ಲಿ ಇದೂ ಒಂದಾಗಿತ್ತು. ಸಂಶೋಧಕರು ಸ್ಟುಡಿಯೊದ ಕಾಗದಪತ್ರ ಕೆದಕಿ ಆಮೇಲೆ ಹೊರತಂದ ಹೆಸರುಗಳನ್ನು ನಾವು ಈಗ ಹೇಳುತ್ತಿದ್ದೇವೆ.

ಶಾಯಿ ಮತ್ತು ಬಣ್ಣದ ಕೈಗಳಿಗೆ ಅಷ್ಟು ಅದೃಷ್ಟವೂ ಇಲ್ಲ. ಆ ವಿಭಾಗದಲ್ಲಿ ಇದ್ದವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. 1930ರ ದಶಕದ ಬಹುಭಾಗ ಅದನ್ನು ನಡೆಸಿದವಳು ಹೇಜಲ್ ಸೂವೆಲ್, ಡಿಸ್ನಿಯ ಹೆಂಡತಿಯ ಅಕ್ಕ. ಬೆರಳಿನ ಗುರುತು ಬೀಳದಂತೆ ಬಿಳಿ ಹತ್ತಿಯ ಗವಸು, ಪೆನ್ನು ಹಿಡಿಯಲು ಅದರ ಬೆರಳುಗಳನ್ನು ಕತ್ತರಿಸಿರುತ್ತಿದ್ದರು. ಪೆನ್ಸಿಲಿನ ಗೆರೆಯ ಜೀವ ಕೆಡದ ಹಾಗೆ ಅದನ್ನು ಜಾರುವ ಹಾಳೆಯ ಮೇಲೆ ಒಂದೇ ಉಸಿರಿನಲ್ಲಿ ಎಳೆಯಬೇಕು. ಪರದೆಯ ಮೇಲೆ ನಾವು ನೋಡುವ ಗೆರೆ ಚಿತ್ರಕಾರನದ್ದಲ್ಲ, ಅವಳದ್ದು. 1938ರಲ್ಲಿ ಕೆಲಸ ಕೇಳಿ ಬರೆದ ಯುವತಿಯೊಬ್ಬಳಿಗೆ ಸ್ಟುಡಿಯೊ ಕಳಿಸಿದ ಉತ್ತರ ಈಗ ಸಾರ್ವಜನಿಕವಾಗಿದೆ. ಸೃಜನಶೀಲ ಕೆಲಸ ಗಂಡಸರಿಗೆ, ಹೆಂಗಸರಿಗೆ ಇರುವುದು ಗೆರೆ ತಿದ್ದುವ, ಬಣ್ಣ ತುಂಬುವ ಕೆಲಸ ಎಂಬುದು ಅದರ ಸಾರ. ಮಿಂಡಿ ಜಾನ್ಸನ್ 2017ರಲ್ಲಿ ಪ್ರಕಟಿಸಿದ ‘ಇಂಕ್ ಆ್ಯಂಡ್ ಪೇಂಟ್’ ಪುಸ್ತಕ ಬರುವವರೆಗೆ ಈ ಹೆಂಗಸರ ಬಗ್ಗೆ ಒಂದು ದೊಡ್ಡ ಪುಸ್ತಕವೂ ಇರಲಿಲ್ಲ.

ಈಗ ಲಿಮಿಟೆಡ್ ಎಡಿಶನ್‌ಗೆ ಬನ್ನಿ. ಅದರಲ್ಲಿ ಇರುವುದು ಪೂರ್ತಿ ಇದೇ ಕೆಲಸ, ಗೆರೆ ತಿದ್ದುವುದು, ಬಣ್ಣ ತುಂಬುವುದು. ‘ಕೈಯಲ್ಲಿ ಬಣ್ಣ ಹಚ್ಚಿದ್ದು’ ಎಂಬ ಮಾತಿಗೇ ಕಂಪನಿ ಹೆಚ್ಚಿನ ಬೆಲೆ ಕೇಳುತ್ತದೆ. ಯಾರ ಕೈ ಎಂದು ಮಾತ್ರ ಪ್ರಮಾಣಪತ್ರದಲ್ಲಿ ಬರೆಯುವುದಿಲ್ಲ. ಕೈಗೆ ಬೆಲೆಯಿದೆ, ಕೈಯಿದ್ದವರಿಗೆ ಹೆಸರಿಲ್ಲ. ಅಪವಾದಗಳಿವೆ. ಚಕ್ ಜೋನ್ಸ್ ಥರದ ನಿರ್ದೇಶಕರು ತಮ್ಮ ಕಾರ್ಟೂನುಗಳ ಎಡಿಶನ್‌ಗಳಿಗೆ ತಾವೇ ಸಹಿ ಹಾಕಿದ್ದುಂಟು. ಅಲ್ಲಿಯೂ ಸಹಿ ನಿರ್ದೇಶಕನದ್ದು, ಬಣ್ಣ ಹಚ್ಚಿದವರದ್ದಲ್ಲ.

ನಾನು ಹೊಟ್ಟೆಪಾಡಿಗೆ ಅನುವಾದ ಮಾಡುತ್ತೇನೆ. ಕೈಪಿಡಿ, ಜಾಹೀರಾತು, ಆ್ಯಪ್‌ಗಳ ಪಠ್ಯ, ಆಗೊಮ್ಮೆ ಈಗೊಮ್ಮೆ ಪುಸ್ತಕ. ನನ್ನ ಒಂದು ಅನುವಾದದ ಹೊದಿಕೆಯ ಮೇಲೆ ಮೂಲ ಲೇಖಕರ ಹೆಸರಿತ್ತು, ಮುನ್ನುಡಿ ಬರೆದವರ ಹೆಸರಿತ್ತು. ನನ್ನದು ಒಳಗಿನ ಹಕ್ಕುಸ್ವಾಮ್ಯದ ಪುಟದಲ್ಲಿ, ಮುದ್ರಕರ ವಿಳಾಸದ ಪಕ್ಕ. ದುಡ್ಡು ಪೂರ್ತಿ ಬಂತು, ಆ ಬಗ್ಗೆ ದೂರಿಲ್ಲ. ಆದರೆ ಆ ಕನ್ನಡ ಯಾರದು ಎಂದು ಓದುಗರು ಕೇಳಲು ದಾರಿಯೇ ಇರಲಿಲ್ಲ. ಚೆನ್ನಾಗಿದ್ದರೆ ಮೆಚ್ಚಲು, ಕೆಟ್ಟಿದ್ದರೆ ಬಯ್ಯಲು ಒಬ್ಬರು ಬೇಕಲ್ಲ? ಹೆಸರು ಹಾಕುವುದು ಉಪಚಾರದ ಮಾತಲ್ಲ, ಅದು ಹೊಣೆ. ಹೆಸರಿದ್ದ ಕಡೆ ಕೆಲಸ ತೇಲಿಸಲು ಕೈ ಹಿಂಜರಿಯುತ್ತದೆ.

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆ, ಅದು ಹುರುಳಿಲ್ಲದ್ದಲ್ಲ. ಕಾರ್ಟೂನು ಒಬ್ಬರ ಕಲೆಯಲ್ಲ. ಹತ್ತಾರು ಜನ ಸೇರಿ ಒಂದೇ ಕೈ ಎಂಬಂತೆ ಕಾಣುವ ಹಾಗೆ ಮಾಡಿದ್ದೇ ಅದರ ಹೆಚ್ಚುಗಾರಿಕೆ. ಅಲ್ಲಿ ಒಬ್ಬಳ ಹೆಸರು ಹುಡುಕುವುದು ಆ ಒಗ್ಗಟ್ಟಿಗೇ ವಿರುದ್ಧವಲ್ಲವೆ? ಮೂಲ ಚಿತ್ರದ ಮಟ್ಟಿಗೆ ಈ ಮಾತು ಒಪ್ಪುತ್ತೇನೆ. 1933ರ ಸೆಲ್ ಒಂದಕ್ಕೆ ಬಣ್ಣ ತುಂಬಿದವಳು ಯಾರೆಂದು ಇಂದು ಹೇಳುವುದು ಆಗದ ಮಾತು. ಆದರೆ ಎಡಿಶನ್ ಎಂಬುದು ಆ ಹತ್ತಾರು ಜನರ ಕೆಲಸವಲ್ಲ, ಒಂದು ಸಣ್ಣ ಕಾರ್ಯಾಗಾರದ ಕೆಲಸ. ಯಾರು ಏನು ಮಾಡಿದರೆಂದು ಸಂಬಳದ ಪುಸ್ತಕದಲ್ಲೇ ಇರುತ್ತದೆ. ಐನೂರು ಹಾಳೆಗೆ ಐನೂರು ಸಂಖ್ಯೆ ಬರೆಯಲು ಪುರುಸೊತ್ತು ಇರುವವರಿಗೆ ನಾಲ್ಕು ಹೆಸರು ಬರೆಯಲು ಪುರುಸೊತ್ತು ಇಲ್ಲವೆಂದರೆ ನಂಬುವುದು ಕಷ್ಟ.

ಸಂಖ್ಯೆಯ ಮೇಲಿನ ನೆಚ್ಚಿಕೆ ಬಿಡಲು ಇನ್ನೊಂದು ಕಾರಣವೂ ಈಗ ಬಂದಿದೆ. ಅಮೆರಿಕದ ಕಾನೂನಿನಂತೆ ಆ ಕಾಲದ ಚಿತ್ರಗಳಿಗೆ 95 ವರ್ಷದ ಹಕ್ಕುಸ್ವಾಮ್ಯ. ‘ಸ್ಕೆಲಿಟನ್ ಡಾನ್ಸ್’ 2025ರ ಜನವರಿ 1ರಂದು ಅಲ್ಲಿ ಸಾರ್ವಜನಿಕರ ಸ್ವತ್ತಾಯಿತು. ಪ್ರತಿವರ್ಷ ಇನ್ನಷ್ಟು ಸಿಂಫನಿಗಳು ಆ ಸಾಲಿಗೆ ಸೇರುತ್ತವೆ, ಹಂದಿಮರಿಗಳ ಸರದಿ 2029ಕ್ಕೆ. ಟ್ರೇಡ್‌ಮಾರ್ಕಿನ ಬೇಲಿ ಬೇರೆಯೇ ಇದೆ, ಕಂಪನಿಯ ಹೆಸರು ಮುದ್ರೆಗಳನ್ನು ಯಾರೂ ಮುಟ್ಟುವ ಹಾಗಿಲ್ಲ. ಆದರೆ ಆ ನಾಲ್ಕು ಅಸ್ಥಿಪಂಜರಗಳನ್ನು ಅಚ್ಚು ಹಾಕಿ ಕೆಳಗೆ 1/100 ಎಂದು ಬರೆಯಲು ಅಲ್ಲಿ ಈಗ ಯಾರಿಗೂ ಅಡ್ಡಿಯಿಲ್ಲ. ಇಂಥ ನೂರು ಮಂದಿ ನೂರು ಬಗೆಯ ‘ಸೀಮಿತ’ ಪ್ರತಿ ತೆಗೆದರೆ ಸಂಖ್ಯೆಯ ಬೆಲೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ. ಆಗ ಒಂದು ಪ್ರತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಅದನ್ನು ಮಾಡಿದವರ ಕಸುಬು ಒಂದೇ.

ಇಷ್ಟರ ಮೇಲೂ ಕೊಳ್ಳುವ ಮನಸ್ಸಿದ್ದರೆ, ನಮ್ಮ ಊರುಗಳ ಹವೆಯನ್ನು ನೆನಪಿಡಿ. ಮುಂಬಯಿ, ಚೆನ್ನೈಯ ಸೆಕೆ, ತೇವ ಸೆಲ್‌ಗೆ ಆಗಿಬರುವುದಿಲ್ಲ. ಆಮೇಲಿನ ಸೆಲ್‌ಗಳ ಹಾಳೆ ಅಸಿಟೇಟ್. ಬಿಸಿ ಮತ್ತು ತೇವ ಸೇರಿದರೆ ಅದು ಸೊಟ್ಟಗಾಗುತ್ತದೆ, ಕೊನೆಗೆ ವಿನಿಗರ್ ವಾಸನೆ ಹೊಡೆಯುತ್ತದೆ. ದೆಹಲಿಯ ಒಣಹವೆ ಇನ್ನೊಂದು ಬಗೆಯ ಕಷ್ಟ, ಬಣ್ಣದ ಪದರ ಬಿರುಕು ಬಿಟ್ಟು ಏಳುತ್ತದೆ. ಸೆಲ್‌ನ ಮುಖ ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಹಾಕಿಸಿ. ಬಿಸಿಲು ಬೀಳುವ ಗೋಡೆ, ಬಚ್ಚಲಿನ ಗೋಡೆ, ಅಡುಗೆಮನೆಯ ಗೋಡೆ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಬೀರುವಿನಲ್ಲಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಸೆಲ್‌ಗಳನ್ನು ಉಳಿಸುವ ಬಗೆಯನ್ನು ಲಾಸ್ ಏಂಜಲಿಸ್‌ನ ಗೆಟ್ಟಿ ಸಂರಕ್ಷಣಾ ಸಂಸ್ಥೆ ಡಿಸ್ನಿಯ ಸಂಗ್ರಹಾಗಾರದ ಜೊತೆ ಸೇರಿ ವರ್ಷಗಟ್ಟಲೆ ಅಧ್ಯಯನ ಮಾಡಿದೆ ಎಂದರೆ ಇದು ಎಷ್ಟು ನಾಜೂಕಿನ ವಸ್ತು ಎಂದು ತಿಳಿಯಬಹುದು.

ಕೊಳ್ಳುವ ಮುಂಚೆ ಮೊದಲು ಚಿತ್ರವನ್ನು ಸಂಗೀತದ ಸಮೇತ ನೋಡಿ, ನಿಮ್ಮ ಚೌಕಟ್ಟಿನ ದೃಶ್ಯ ಅದರಲ್ಲಿ ನಿಜವಾಗಿಯೂ ಇದೆಯೇ ಎಂದು ಗುರುತಿಸಿ. ನಾಳೆ ಮಾರಿದರೆ ಅರ್ಧ ಬೆಲೆಯೂ ಬರದಿದ್ದರೆ ಬೇಸರವಾಗುತ್ತದೆಯೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಗುತ್ತದೆ ಎಂದಾದರೆ ಆ ದುಡ್ಡನ್ನು ಬ್ಯಾಂಕಿನಲ್ಲಿಡಿ. ಅದೇ ದುಡ್ಡಿಗೆ ಹೆಸರಿಲ್ಲದ ಚಿತ್ರಕಾರರ ಪೆನ್ಸಿಲ್ ಕರಡುಗಳು ಸಿಗುವುದುಂಟು. ಚಿತ್ರದ ಕೆಲಸಕ್ಕೆ ನಿಜಕ್ಕೂ ಬಳಕೆಯಾದ, ಅಂಚಿನಲ್ಲಿ ಫ್ರೇಮಿನ ಸಂಖ್ಯೆ ಗೀಚಿದ ಹಾಳೆಗಳು ಅವು. ನನ್ನ ಆಯ್ಕೆ ಯಾವತ್ತೂ ಅವೇ. ಚೌಕಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿ, ಚಿತ್ರದ ಹೆಸರು, ವರ್ಷ, ಸಂಗೀತ, ನಿರ್ದೇಶನ, ಚಿತ್ರ ಬಿಡಿಸಿದವರು, ಎಡಿಶನ್ ಮಾಡಿದ ವರ್ಷ, ಗೊತ್ತಿರುವಷ್ಟನ್ನು ಕನ್ನಡದಲ್ಲೇ ಬರೆದಿಡಿ. ಮುಂದೆ ಅದು ಯಾರ ಕೈಗೆ ಹೋಗುತ್ತದೋ ಅವರಿಗೆ ಪ್ರಮಾಣಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ, ಮಾರುವವರಿಗೆ ಒಂದು ಸಾಲಿನ ಪತ್ರ ಬರೆಯಿರಿ. ಇದಕ್ಕೆ ಬಣ್ಣ ಹಚ್ಚಿದವರು ಯಾರು, ಅವರ ಹೆಸರನ್ನು ಪ್ರಮಾಣಪತ್ರದಲ್ಲಿ ಸೇರಿಸುತ್ತೀರಾ? ಬಹಳ ಸಲ ಉತ್ತರ ಬರುವುದಿಲ್ಲ. ಆದರೆ ಗಿರಾಕಿ ಕೇಳುವ ಪ್ರಶ್ನೆಯನ್ನು ಅಂಗಡಿಯವರು ಬಹಳ ದಿನ ಕೇಳಿಸದ ಹಾಗೆ ಇರುವುದೂ ಆಗುವುದಿಲ್ಲ. ಪ್ರಮಾಣಪತ್ರ ಎಂಬ ಪದ್ಧತಿ ಬಂದದ್ದೇ ಕೊಳ್ಳುವವರು ಇದು ಅಸಲಿಯೇ ಎಂದು ಕೇಳಿದ್ದರಿಂದ. ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಿ ಕೇಳೋಣ.